ಬೀರಮ್ಮನ ಮುಂಬಾಗಿಲು

ನಮ್ಮ ಆಫೀಸಿನಲ್ಲಿ ಏಸಿ ಇಲ್ಲ. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಬಂದವರೆಲ್ಲ ಬಾಯಿಬಿಟ್ಟು ಕೇಳುವ ಮೊದಲನೆಯ ಮಾತೇ ಅದು, ಉತ್ತರ ಹೇಳಿ ಹೇಳಿ ನನಗೆ ಸಾಕಾಗಿ ಹೋಗಿದೆ. ಭೇರ್ಯ ದಾಟಿ ಸ್ವಲ್ಪ ಮುಂದಕ್ಕೆ ಹೋದರೆ ರಸ್ತೆ ಪಕ್ಕದಲ್ಲಿ ಒಂದು ದೊಡ್ಡ ಹೊಂಗೆಮರ, ಅದರ ಹಿಂದೆ ಕೆಂಪು ಮಣ್ಣುಗೋಡೆಯ ಎರಡಂತಸ್ತಿನ ಕಟ್ಟಡ ಕಾಣುತ್ತದೆ. ಅದೇ ಹೊನ್ನಗದ್ದೆ ಫುಡ್ಸ್ ಕಂಪನಿಯ ಹೆಡ್ಡಾಫೀಸು. ಅಕ್ಕಿ, ರಾಗಿ, ಹುರುಳಿಕಾಳನ್ನು ಪ್ಯಾಕೆಟ್ ಮಾಡಿ ಊರೂರಿಗೆ ಕಳಿಸುವ ಕಂಪನಿ. ನಾನು ಕನಕರಾಜು, ಅಲ್ಲಿಯ ಮೋಟರು, ಪೈಪು, ಸೋಲಾರು ನೋಡಿಕೊಳ್ಳುವವನು. ಏನೇ ಕೆಟ್ಟರೂ ಮೊದಲು ಬೈಸಿಕೊಳ್ಳುವವನೂ ನಾನೇ. ಇರಲಿ, ಇದು ನನ್ನ ಕಥೆಯಲ್ಲ, ಬೀರಮ್ಮನದು.

ಕಂಪನಿಯ ಯಜಮಾನರು ನೀಲಕಂಠಸ್ವಾಮಿಯವರು. ಮೊದಲು ಆಫೀಸು ಮೈಸೂರಿನಲ್ಲಿ, ಬಾಡಿಗೆಯ ಗಾಜಿನ ಕಟ್ಟಡದಲ್ಲಿತ್ತು. ಹಗಲೆಲ್ಲ ಪರದೆ ಎಳೆದುಕೊಂಡು ಲೈಟು ಹಾಕಿಕೊಂಡು ಕೂರುವ ಆ ವೈಭೋಗ ಅವರಿಗೆ ಬೇಜಾರಾಗಿ, ಬೆಳೆ ಬರುವ ಜಾಗದಲ್ಲೇ ಆಫೀಸು ಇರಲಿ ಎಂದು ಇಲ್ಲಿಗೆ ಬಂದರು. ಹಿಂದುಗಡೆ ಒಂದು ಕೊಳ ತೋಡಿಸಿದರು. ಕೊಳದ ಮಣ್ಣಿಗೆ ಚೂರು ಸಿಮೆಂಟು ಬೆರೆಸಿ, ಮಿಷನ್ನಿನಲ್ಲಿ ಒತ್ತಿ, ಗೂಡಿನಲ್ಲಿ ಸುಡದೆ ಇಟ್ಟಿಗೆ ಮಾಡಿ ಗೋಡೆ ಎಬ್ಬಿಸಿದರು. ಚಾವಣಿಯ ಮೇಲೆ ಸೋಲಾರು, ನೆಲದ ಕೆಳಗೆ ಮಳೆನೀರಿನ ತೊಟ್ಟಿ. ಕೈ ತೊಳೆದ ನೀರು ಕೊಳದ ಜೊಂಡಿನೊಳಗೆ ಸೋಸಿಕೊಂಡು ಗಿಡಗಳಿಗೆ ಹೋಗುತ್ತದೆ. ನಮ್ಮ ಊರಿನವರು ಇದಕ್ಕೆ ಮಣ್ಣಾಫೀಸು ಅಂತ ಹೆಸರಿಟ್ಟರು. ಹೊಟ್ಟೆಕಿಚ್ಚಿಗೆ ಇಟ್ಟ ಹೆಸರೇನಲ್ಲ, ಮಣ್ಣಿನದನ್ನು ಮಣ್ಣಿನದು ಅನ್ನದೆ ಇನ್ನೇನು ಅಂದಾರು.

ಕಟ್ಟುವಾಗ ಮಣ್ಣು ಹೊರಲು ಬಂದ ಹೆಂಗಸರಲ್ಲಿ ಬೀರಮ್ಮ ಒಬ್ಬಳು. ಊರ ವರಸೆಯಲ್ಲಿ ನನಗೆ ಅತ್ತೆ ಆಗಬೇಕು. ತವರು ಚುಂಚನಕಟ್ಟೆ ಕಡೆ, ನಾಲೆ ನೀರಿನ ಊರು, ನಾಟಿ ಹಾಕುವುದರಲ್ಲಿ ಅವಳ ಕೈಗೆ ಎದುರಿಲ್ಲ. ಬಾಯಿಗಂತೂ ಮೊದಲೇ ಇಲ್ಲ. ಕಟ್ಟಡ ಮುಗಿದ ಮೇಲೆ ಉಳಿದವರು ಬೇರೆ ಕೆಲಸ ಹುಡುಕಿಕೊಂಡು ಹೋದರು, ಇವಳು ಹೋಗಲಿಲ್ಲ. "ಈ ಗ್ವಾಡೇಲಿ ಅರ್ಧ ನನ್ ತಲೆ ಮ್ಯಾಲಿಂದ ಇಳ್ದಿರೋದು. ಬುಟ್ಟು ಎಲ್ಲಿಗ್ಲಾ ಓಗ್ಲಿ?" ಎಂದು ನನ್ನನ್ನೇ ದಬಾಯಿಸಿದಳು. ಕಸ ಗುಡಿಸಿ ನೆಲ ಒರೆಸುವ ಹೆಂಗಸರಿಗೆ ಮುಖ್ಯಸ್ಥೆಯಾಗಿ ಅವಳನ್ನೇ ಇಟ್ಟುಕೊಂಡರು. ಬೆಳಗ್ಗೆ ಎಲ್ಲರಿಗಿಂತ ಮೊದಲು ಬರುವವಳು ಅವಳು, ಸಂಜೆ ಬಾಗಿಲ ಬಳಿಯ ದೇವರ ಪಟಕ್ಕೆ ದೀಪ ಹಚ್ಚಿ ಕೊನೆಗೆ ಹೋಗುವವಳೂ ಅವಳೇ. ದೀಪ ಹಚ್ಚು ಎಂದು ಅವಳಿಗೆ ಯಾರೂ ಹೇಳಿರಲಿಲ್ಲ, ಬೇಡ ಅನ್ನುವ ಧೈರ್ಯವೂ ಯಾರಿಗೂ ಇರಲಿಲ್ಲ.

ಅವಳ ಮನೆಯ ವಿಷಯ ಹೇಳದೆ ಮುಂದೆ ಹೋದರೆ ಕಥೆ ಅರ್ಥವಾಗುವುದಿಲ್ಲ. ಬೀರಮ್ಮನ ಗಂಡ ಕರಿಯಯ್ಯ ಮಾತಿಲ್ಲದ ಮನುಷ್ಯ. ಅಣ್ಣತಮ್ಮಂದಿರು ಭಾಗವಾದಾಗ ಇದ್ದ ಒಂದು ಮನೆಗೆ ನಡುವೆ ಗೋಡೆ ಹಾಕಿದರು. ಬೀದಿ ಕಡೆಯ ಅರ್ಧ, ಜಗಲಿ, ಮುಂಬಾಗಿಲು ಎಲ್ಲ ಅಣ್ಣನಿಗೆ ಹೋಯಿತು. ಅಡಿಗೆಮನೆ ಕಡೆಯ ಅರ್ಧ ಮತ್ತು ಹಿತ್ತಿಲಿಗೆ ತೆರೆಯುವ ಹಿಂಬಾಗಿಲು ಕರಿಯಯ್ಯನಿಗೆ ಬಂತು. ಬೀರಮ್ಮ ಆಗ ಹೊಸದಾಗಿ ಬಂದ ಹೆಣ್ಣು. ಅಂದಿನಿಂದ ಅವಳ ಮನೆಗೆ ಹೋಗುವವರು ಪಕ್ಕದ ಸಂದಿಯಲ್ಲಿ ನುಗ್ಗಿ, ಸೌದೆ ಒಟ್ಟಿಲು ದಾಟಿ, "ಹಿಂದ್ಲಿಂದ ಬತ್ತಿದ್ದೀವಿ ಕಣಮ್ಮೋ" ಎಂದು ಕೂಗಿಕೊಂಡೇ ಹೋಗಬೇಕು. ಊರಿನಲ್ಲಿ ಅದು ರೂಢಿಯಾಗಿಹೋಗಿತ್ತು, ನಾನೂ ಚಿಕ್ಕಂದಿನಿಂದ ಹಾಗೇ ಕೂಗುತ್ತಿದ್ದೆ.

ನಮ್ಮ ಕಡೆ ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ಮುಂಬಾಗಿಲು ತೆಗೆದಿರಬೇಕು, ಹಿಂಬಾಗಿಲು ಹಾಕಿರಬೇಕು. ಮುಂದಿನಿಂದ ಬಂದ ಲಕ್ಷ್ಮಿ ಹಿಂದಿನಿಂದ ಹೊರಟುಹೋಗಬಾರದಲ್ಲ. ಇದನ್ನು ಯಾರೂ ಕೂರಿಸಿಕೊಂಡು ಕಲಿಸುವುದಿಲ್ಲ, ಹಲ್ಲುಜ್ಜುವುದು ಕಲಿತ ಹಾಗೆ ಕಲಿತುಬಿಟ್ಟಿರುತ್ತೇವೆ. ಬೀರಮ್ಮನ ಕಷ್ಟ ಏನೆಂದರೆ, ಅವಳ ಮನೆಗೆ ಇದ್ದದ್ದು ಒಂದೇ ಬಾಗಿಲು, ಅದು ಹಿಂಬಾಗಿಲು. ಅವಳು ದಿನಾ ಸಂಜೆ ಅದನ್ನು ಹಾಕಿಕೊಂಡೇ ದೀಪ ಹಚ್ಚುತ್ತಿದ್ದಳು. ಕರಿಯಯ್ಯ ಹೊರಗೆ ಒಗೆಯುವ ಕಲ್ಲಿನ ಮೇಲೆ ಬೀಡಿ ಸೇದುತ್ತ, ಅವಳು ಮತ್ತೆ ಬಾಗಿಲು ತೆಗೆಯುವವರೆಗೆ ಕಾಯುತ್ತಿದ್ದ. ಊರಿನ ಹುಡುಗರೆಲ್ಲ ಅವನನ್ನು ರೇಗಿಸಿದ್ದೇವೆ. ಅವನು ನಗುತ್ತಿದ್ದನೇ ಹೊರತು ಒಂದು ಮಾತಾಡಿದವನಲ್ಲ.

ಇನ್ನು ಕಟ್ಟಡದ ಗುಟ್ಟು. ನಮ್ಮಲ್ಲಿ ಕಟ್ಟಡ ನೋಡಿಕೊಳ್ಳುವ ಇಂಜಿನಿಯರು ಪವಿತ್ರಾ ಮೇಡಂ, ಹುಣಸೂರಿನವರು. ಏಸಿ ಬೇಡ, ಗಾಳಿಯೇ ಸಾಕು ಎಂದು ಯಜಮಾನರನ್ನು ಒಪ್ಪಿಸಿದವರು ಅವರೇ. ಲೆಕ್ಕ ಬಹಳ ಸುಲಭ. ಬೇಸಿಗೆಯ ಹಗಲಿನಲ್ಲಿ ಎಲ್ಲ ಮುಚ್ಚಿಟ್ಟಿರಬೇಕು. ಬಿಸಿಲು ಇಳಿದ ಮೇಲೆ ಹಿಂದುಗಡೆ, ಕೊಳದ ಕಡೆಗಿರುವ ಪಡುವಣ ಪಡಸಾಲೆಯ ಮರದ ಪಟ್ಟಿ ಬಾಗಿಲುಗಳನ್ನು ಸಾಲಾಗಿ ತೆಗೆಯಬೇಕು. ಹೊರಗಡೆ ಕಬ್ಬಿಣದ ಜಾಲರಿ ಇದೆ, ಹಾವು ಹುಳದ ಭಯವಿಲ್ಲ. ಕೊಡಗಿನ ಕಡೆಯಿಂದ ಬೀಸುವ ಸಂಜೆಗಾಳಿ ಕೊಳದ ಮೇಲೆ ಹಾದು ಒಳಗೆ ಬಂದು, ಗೋಡೆ ಹಗಲೆಲ್ಲ ಹೀರಿದ ಕಾವನ್ನು ಹೊತ್ತುಕೊಂಡು, ಕಟ್ಟಡದ ನಡುವೆ ಎತ್ತರಕ್ಕೆ ಕಟ್ಟಿರುವ ಗಾಳಿಗೂಡಿನಿಂದ ಹೊರಗೆ ಹೋಗುತ್ತದೆ. ರಾತ್ರಿಯೆಲ್ಲ ತಣ್ಣಗಾದ ಗೋಡೆ ಮಾರನೆಯ ದಿನ ತಂಪು ಕೊಡುತ್ತದೆ. ಸಂಜೆ ಬಾಗಿಲು ತೆಗೆಯುವುದು, ಬೆಳಗ್ಗೆ ಬಿಸಿಲೇರುವ ಮೊದಲು ಹಾಕುವುದು ವಾಚ್‌ಮನ್ ದಾಸಯ್ಯನ ಕೆಲಸ.

ಕಟ್ಟಡಕ್ಕೆ ಬಂದದ್ದು ಮಳೆಗಾಲದಲ್ಲಿ. ಮಳೆಗಾಲ, ಚಳಿಗಾಲ ತಂಪಾಗೇ ಹೋದವು, ಹೋಗದೆ ಏನು. ಮಾರ್ಚಿ ಬಂತು ನೋಡಿ, ಶುರುವಾಯಿತು. ಮೈಸೂರಿನಿಂದ ಕಂಪನಿ ಬಸ್ಸಿನಲ್ಲಿ ಬರುವ ಅಕೌಂಟ್ಸಿನವರು ಮಧ್ಯಾಹ್ನಕ್ಕೆಲ್ಲ ಫೈಲಿನಲ್ಲಿ ಗಾಳಿ ಬೀಸಿಕೊಂಡು ಕೂತರು. "ಕನಕರಾಜು, ನಿಮ್ಮ ಮಣ್ಣಿನೊಲೆ ಚೆನ್ನಾಗಿ ಕಾದಿದೆ ಕಣ್ರೀ, ರೊಟ್ಟಿ ತಟ್ಟಿಬಿಡ್ಲಾ?" ಅಂತ ಒಬ್ಬರು. ಒಲೆ ಕಟ್ಟಿದವನು ನಾನೇ ಎಂಬ ಹಾಗೆ. ಪವಿತ್ರಾ ಮೇಡಂ ಗೋಡೆ ಗೋಡೆಗೆ ಕೈಯಿಟ್ಟು ನೋಡುತ್ತಿದ್ದರು. ಬೆಳಗ್ಗೆ ಎಂಟಕ್ಕೆ ಮುಟ್ಟಿದರೂ ಗೋಡೆ ಬೆಚ್ಚಗೇ ಇರುತ್ತಿತ್ತು. ರಾತ್ರಿಯೆಲ್ಲ ಗಾಳಿ ಹಾದ ಗೋಡೆ ಹಾಗಿರುವುದಕ್ಕೆ ಸಾಧ್ಯವೇ ಇಲ್ಲ ಎಂದು ಒಬ್ಬರೇ ಗೊಣಗಿಕೊಳ್ಳುತ್ತಿದ್ದರು.

ಏಪ್ರಿಲ್ ಶುರುವಿನಲ್ಲಿ ಯಜಮಾನರು ಬಂದು, ಒಂದು ಗಂಟೆ ಕೂತು, ಅಂಗಿಯ ಕಾಲರು ಒರೆಸಿಕೊಳ್ಳುತ್ತ ಎದ್ದರು. ಏಸಿ ಹಾಕಿದರೆ ಸೋಲಾರು ಸಾಲದು, ಜನರೇಟರು ತರಬೇಕು. ಜನರೇಟರು ತರುವುದಾದರೆ ಇಷ್ಟೆಲ್ಲ ಯಾಕೆ ಮಾಡಬೇಕಿತ್ತು ಎಂದರು. ಪವಿತ್ರಾ ಮೇಡಂ ಕಡೆ ತಿರುಗಿ, "ಬಸವ ಜಯಂತಿ ಕಳೆದ ಮೇಲೆ ಡೈರೆಕ್ಟರುಗಳನ್ನು ಕರಕೊಂಡು ಬರ್ತೀನಮ್ಮ. ಅಷ್ಟರಲ್ಲಿ ತಂಪಾಗದಿದ್ದರೆ ಆಫೀಸು ವಾಪಸ್ ಮೈಸೂರಿಗೆ ಹೋಗುತ್ತೆ. ಇದು ಗೋಡೌನ್ ಆಗಲಿ" ಎಂದು ಹೇಳಿ ಹೊರಟರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ದುಃಖವಿತ್ತು. ಗೋಡೌನಿಗೆ ನೆಲ ಒರೆಸುವವರು ಬೇಕಿಲ್ಲ, ಕ್ಯಾಂಟೀನು ಬೇಕಿಲ್ಲ, ನನ್ನಂಥವನೂ ಬೇಕಿಲ್ಲ. ನಮ್ಮೂರಿನ ಎಷ್ಟೋ ಮನೆಯ ಒಲೆ ಆ ಕಟ್ಟಡದಿಂದ ಉರಿಯುತ್ತಿತ್ತು.

ಸುದ್ದಿ ಕೇಳಿ ಬೀರಮ್ಮ ಪೊರಕೆ ಕೆಳಗಿಟ್ಟು ಕೂತುಬಿಟ್ಟಳು. "ಗೋಡೋನಾ? ಇಲಿ ಎಗ್ಗಣ ತಿರುಗಾಡಾಕೆ ನಾನು ಈ ಮಣ್ಣು ಒತ್ತಿದ್ದಾ?" ಎಂದಳು. ಆ ಗಟ್ಟಿಗಿತ್ತಿಯ ಕಣ್ಣಲ್ಲಿ ನೀರು ನೋಡಿದ್ದು ನಾನು ಅದೇ ಮೊದಲು. ಆಮೇಲೆ ಮುಖ ಒರೆಸಿಕೊಂಡು, "ಆಗಾಕಿಲ್ಲ ಬುಡು. ಲಕುಮಿ ಇದ್ದಾಳೆ, ಇನ್ನೂ ವಸಿ ಜ್ವಾಪಾನವಾಗಿ ನೋಡ್ಕಬೇಕು" ಅಂದಳು. ಏನು ಜೋಪಾನ ಎಂದು ಕೇಳುವಷ್ಟು ಬುದ್ಧಿ ನನಗೆ ಆಗ ಬರಲಿಲ್ಲ.

ವಿಚಿತ್ರ ಎಂದರೆ, ಆ ದಿನದಿಂದ ಒಳಗಿನ ಸೆಕೆ ಇನ್ನೂ ಹೆಚ್ಚಾಯಿತು. ಗೋಡೆ ಬೆಳಗ್ಗೆಯೇ ಬಿಸಿ. ಪವಿತ್ರಾ ಮೇಡಂ ಸರಿಯಾಗಿ ಊಟ ಮಾಡುವುದನ್ನೂ ಬಿಟ್ಟರು. ದಿನಾ ಐದೂವರೆಯ ಬಸ್ಸಿಗೆ ಹೋಗುತ್ತಿದ್ದವರು ಒಂದು ಸಂಜೆ ಬಸ್ಸು ಬಿಟ್ಟು, "ಕನಕರಾಜು, ಗಾಳಿಗೂಡಿನ ಹತ್ತಿರ ಹೋಗೋಣ, ಎಲ್ಲಿ ಕಟ್ಟಿಕೊಂಡಿದೆ ನೋಡಿಬಿಡೋಣ" ಎಂದರು. ಎಲ್ಲಿಯಾದರೂ ಹಕ್ಕಿ ಗೂಡು ಕಟ್ಟಿರಬೇಕು ಎಂಬುದು ಅವರ ಅನುಮಾನ. ಬೀರಮ್ಮನ ದೇವರ ಪಟದ ಹತ್ತಿರದಿಂದ ಒಂದು ಊದುಬತ್ತಿ ತಂದು ಹಚ್ಚಿ, ಮಹಡಿ ಮೆಟ್ಟಿಲ ಮೇಲೆ, ಗೂಡಿನ ಕೆಳಗೆ ಇಬ್ಬರೂ ಕೂತೆವು.

ಕೆಳಗೆ ದಾಸಯ್ಯ ಪಟ್ಟಿ ಬಾಗಿಲುಗಳನ್ನು ಒಂದೊಂದಾಗಿ ತೆಗೆಯುವ ಸದ್ದು ಕೇಳಿಸಿತು. ಸ್ವಲ್ಪ ಹೊತ್ತಿಗೆ ಊದುಬತ್ತಿಯ ಹೊಗೆ ಬಾಗಿತು. ಬಾಗಿದ್ದೇನು, ಯಾರೋ ದಾರ ಹಿಡಿದು ಎಳೆದಂತೆ ಗೂಡಿನ ಕಡೆ ಸರಸರನೆ ಹತ್ತಿಹೋಯಿತು. ಕತ್ತಿನ ಹಿಂದೆ ತಣ್ಣಗೆ ಗಾಳಿ ಆಡಿತು. ಪವಿತ್ರಾ ಮೇಡಂ ಮಗುವಿನ ಹಾಗೆ ನನ್ನ ತೋಳು ಹಿಡಿದು ಅಲ್ಲಾಡಿಸಿದರು. "ಆಗ್ತಿದೆ ಕನಕರಾಜು, ನೋಡಿ, ಆಗ್ತಿದೆ." ಹಾಗಾದರೆ ಇಷ್ಟು ದಿನ ಏನಾಗಿತ್ತು ಎಂದು ಯೋಚಿಸುತ್ತ ಕೂತೆವು. ಹೊರಗೆ ಮಬ್ಬು ಕವಿಯಿತು. ಇದ್ದಕ್ಕಿದ್ದಂತೆ ಹೊಗೆ ನೆಟ್ಟಗೆ ನಿಂತುಬಿಟ್ಟಿತು.

ಇಬ್ಬರೂ ದಡದಡನೆ ಇಳಿದೆವು. ಪಡುವಣ ಪಡಸಾಲೆಯಲ್ಲಿ ಬೀರಮ್ಮ ಕೊನೆಯ ಪಟ್ಟಿ ಬಾಗಿಲಿಗೆ ಅಗಳಿ ಹಾಕುತ್ತಿದ್ದಳು. ಹಾಕಿದ್ದಷ್ಟೇ ಅಲ್ಲ, ಪಟ್ಟಿಗಳ ಸಂದಿಗೆ ಗೋಣಿ ಚೂರು ಸಿಕ್ಕಿಸಿದ್ದಳು. ಆ ಜೋಪಾನ ಯಾವುದು ಎಂದು ನನಗೆ ಆಗ ಗೊತ್ತಾಯಿತು.

"ಏನತ್ತೆ ಇದು, ತಲೆ ಕೆಟ್ಟಿದೆಯಾ ನಿಂಗೆ? ಯಾಕೆ ಹಾಕ್ದೆ?" ಎಂದು ನಾನು ಗದರಿದೆ.

ಅವಳಿಗೆ ನನ್ನ ಪ್ರಶ್ನೆಯೇ ಅರ್ಥವಾಗಲಿಲ್ಲ. "ದೀಪ ಅಚ್ಚೋ ಒತ್ತು ಕಣ್ಲಾ. ಹಿಂಬಾಗ್ಲು ಹಾಕ್ದೆ ಇನ್ನೇನ್ ಮಾಡ್ಲಿ?"

ದಾಸಯ್ಯ ಪಕ್ಕದಲ್ಲೇ ಟೀ ಕುಡಿಯುತ್ತ ನಿಂತಿದ್ದ. ದಿನಾ ತಾನು ತೆಗೆಯುವುದು, ಅವಳು ಹಾಕುವುದು ಅವನಿಗೆ ಗೊತ್ತೇ ಇತ್ತು. ಅದರಲ್ಲಿ ಅವನಿಗೆ ತಪ್ಪೇನೂ ಕಂಡಿರಲಿಲ್ಲ. ಬೆಳಗ್ಗೆ ಬಂದ ಕೂಡಲೇ ಬೀರಮ್ಮ ಮೊದಲು ಹಿಂಬಾಗಿಲು ತೆಗೆಯುತ್ತಿದ್ದಳು, ಒಳಗಿನ ದರಿದ್ರವೆಲ್ಲ ಹೊರಟುಹೋಗಲಿ ಎಂದು. ಬಿಸಿಲೇರುವ ಮುಂಚೆ ದಾಸಯ್ಯ ಹಾಕುತ್ತಿದ್ದ. ಬಸ್ಸಿನವರು ಬರುವ ಹೊತ್ತಿಗೆ ಎಲ್ಲ ಸರಿಯಾಗಿಯೇ ಕಾಣುತ್ತಿತ್ತು. ನಿಜ ಹೇಳಬೇಕೆಂದರೆ ಸಂಜೆ ಮನೆಗೆ ಹೋಗುವಾಗ ಅವಳು ಅಗಳಿ ಹಾಕುವುದನ್ನು ನಾನೂ ನೋಡಿದ್ದೆ. ನಮ್ಮವ್ವ ಮನೆಯಲ್ಲಿ ಮಾಡುವುದೂ ಅದನ್ನೇ, ಹಾಗಾಗಿ ಕಣ್ಣಿಗೆ ಬಿದ್ದರೂ ತಲೆಗೆ ಹೋಗಿರಲಿಲ್ಲ. ಇಡೀ ಊರು ನೋಡಿದ್ದರೂ ಯಾರಿಗೂ ಹೊಳೆಯುತ್ತಿರಲಿಲ್ಲ.

ಪವಿತ್ರಾ ಮೇಡಂ ನೆಲದ ಮೇಲೆ ಕುಸಿದು ಕೂತು ನಗಲು ಶುರುಮಾಡಿದರು. ನಗುತ್ತ ನಗುತ್ತ ಕಣ್ಣೊರೆಸಿಕೊಂಡರು. "ನಮ್ಮಮ್ಮನೂ ಹೀಗೇ ಮಾಡೋದು ಕನಕರಾಜು. ನಾನು ನಕ್ಷೇಲಿ ಹುಡುಕ್ತಿದ್ದೆ" ಎಂದರು. ಆಮೇಲೆ ಬೀರಮ್ಮನನ್ನು ಪಕ್ಕದಲ್ಲಿ ಕೂರಿಸಿಕೊಂಡು, ಸೆಕೆ ಯಾಕೆ ಆಗುತ್ತಿದೆ, ಆ ಬಾಗಿಲುಗಳಿಗೂ ಗೋಡೌನಿಗೂ ಏನು ಸಂಬಂಧ ಎಂಬುದನ್ನು ಸಮಾಧಾನವಾಗಿ ಬಿಡಿಸಿ ಹೇಳಿದರು.

ಕೇಳುತ್ತ ಕೇಳುತ್ತ ಬೀರಮ್ಮನ ಮುಖ ಇಳಿದುಹೋಯಿತು. "ಅಂಗಾರೆ ನಾನೇ ಕೆಡಿಸ್ದೆ ಅನ್ನಿ" ಎಂದಳು. ನನ್ನ ಬಾಯಿ ಸುಮ್ಮನಿರಬೇಕಲ್ಲ, "ದೀಪ ಹಚ್ಚೋವಾಗ ಹಾಕ್ಕೋ, ಆಮೇಲೆ ದಾಸಯ್ಯ ತೆಗೀತಾನೆ ಬುಡು" ಎಂದೆ. ಬಂದ ಲಕ್ಷ್ಮಿಯನ್ನು ಕೂರಿಸಿ, ಅವಳು ಕೂತ ಮೇಲೆ ಹಿಂದಿನಿಂದ ದಾರಿ ತೋರಿಸುವುದಾ ಎಂದು ಬೀರಮ್ಮ ನನ್ನ ಮೇಲೆ ಎಗರಿದಳು. ಅಗಳಿ ಹಾಕಿದ ಮೇಲೆ ತಾನಂತೂ ಮುಟ್ಟುವುದಿಲ್ಲ, ರಾತ್ರಿ ಒಬ್ಬನೇ ಇಲ್ಲಿ ಮಲಗುವವನು ತಾನು ಎಂದು ದಾಸಯ್ಯನೂ ಕೈ ಎತ್ತಿಬಿಟ್ಟ.

ಬೀರಮ್ಮ ಸೆರಗು ಹಿಂಡುತ್ತ ಹೇಳಿದಳು. "ಪವಿತ್ರವ್ವ, ನಮ್ಮನೇಗೆ ಮುಂಬಾಗ್ಲು ಇಲ್ಲ. ಭಾಗ ಆದಾಗಿಂದ್ಲೂ ಇಲ್ಲ. ಲಕುಮಿ ಬರ್ಬೇಕು ಅಂದ್ರೂ ನಮ್ಮನೇಗೆ ಎಂಗ್ ಬಂದಾಳು? ಇಲ್ಲಿಗೆ ಬಂದ್ ಮ್ಯಾಕೆ ನಂಗೂ ಒಂದು ಮುಂಬಾಗ್ಲು ಸಿಕ್ತು. ಅದ್ನ ತೆಗ್ದಿಟ್ಟು, ಹಿಂದ್ಲುದ್ನ ಹಾಕಿ, ದೀಪ ಅಚ್ಚೋವಾಗ ನಂಗೆ ಎಷ್ಟು ಹಿಗ್ಗಾಯ್ತಿತ್ತು ಗೊತ್ತಾ? ಕೆಲ್ಸ ಬುಡು ಅನ್ನಿ, ಬುಡ್ತೀನಿ. ಗೊತ್ತಿದ್ದೂ ಗೊತ್ತಿದ್ದೂ ಹಿಂಬಾಗ್ಲು ತೆರ್ದು ಅವ್ಳನ್ನ ಕಳ್ಸಾಕೆ ನನ್ ಕೈಲಾಗಾಕಿಲ್ಲ."

ಅವಳ ಮನೆಯ ಸಂದಿಯಲ್ಲಿ ನಾನು ಎಷ್ಟು ಸಲ ಹಿಂದ್ಲಿಂದ ಬಂದೆ ಎಂದು ಕೂಗಿದ್ದೇನೋ. ಒಂದು ಸಲವೂ ಅವಳಿಗೆ ಅದು ಚುಚ್ಚುತ್ತದೆ ಎಂದು ಅನ್ನಿಸಿರಲಿಲ್ಲ.

ಪವಿತ್ರಾ ಮೇಡಂ ವಾದ ಮಾಡಲಿಲ್ಲ. ಎದ್ದು ಹೋಗಿ ಮೆಟ್ಟಿಲ ಮೇಲಿದ್ದ ಊದುಬತ್ತಿಯನ್ನು ತಂದರು. "ಒಂದೇ ಒಂದು ಬಾಗಿಲು ತೆಗೀತೀನಿ ಅಮ್ಮ, ನೀವೇ ಹಿಡ್ಕೊಳ್ಳಿ" ಎಂದು ಅವಳ ಕೈಗೆ ಕೊಟ್ಟು, ಅಗಳಿ ತೆಗೆದರು. ಬೀರಮ್ಮ ಹೊಸಿಲ ಮೇಲೆ ಬತ್ತಿ ಹಿಡಿದು ನಿಂತಳು. ಹೊಗೆ ಹೊರಗೆ ಒಂದಿಷ್ಟೂ ಹೋಗಲಿಲ್ಲ. ಕೊಳದ ಕಡೆಯಿಂದ ಗಾಳಿ ಬಂದು ಅದನ್ನು ಒಳಕ್ಕೆ, ಪಡಸಾಲೆಗೆ, ಗಾಳಿಗೂಡಿನ ಕಡೆಗೆ ತಳ್ಳಿಕೊಂಡು ಹೋಯಿತು.

"ಒಳಿಕ್ಕೇ ಬತ್ತಾದೆ" ಎಂದಳು ಬೀರಮ್ಮ.

"ಈ ಕಡೆಯಿಂದ ಯಾವಾಗ್ಲೂ ಒಳಗೇ ಬರೋದು ಅಮ್ಮ. ಹೋಗೋದು ಮೇಲಿಂದ, ಸೆಕೆ ಮಾತ್ರ."

ಬೀರಮ್ಮ ಬತ್ತಿ ಮುಗಿಯುವವರೆಗೆ ಅಲ್ಲೇ ನಿಂತಿದ್ದಳು. ಆಮೇಲೆ ಊಟದ ಡಬ್ಬಿ ಎತ್ತಿಕೊಂಡು ಹೊರಟುಹೋದಳು. ಮಾರನೆಯ ದಿನ ಬರುತ್ತಾಳೋ ಇಲ್ಲವೋ ಎಂದು ನನಗೆ ಅನುಮಾನವೇ ಇತ್ತು.

ಬೆಳಗ್ಗೆ ಹೋಗಿ ನೋಡುತ್ತೇನೆ, ಮುಂದುಗಡೆ ಅವಳ ಸುಳಿವಿಲ್ಲ. ಹಿಂದಕ್ಕೆ ಹೋದೆ. ಬೀರಮ್ಮ ಕೊಳದ ಕಡೆಯ ನೆಲವನ್ನು ಸಗಣಿಯಿಂದ ಸಾರಿಸಿ, ಪ್ರತಿ ಪಟ್ಟಿ ಬಾಗಿಲ ಮುಂದೆಯೂ ರಂಗೋಲಿ ಹಾಕಿ, ಹೊಸಿಲಿಗೆ ಅರಿಶಿನ ಬಳಿಯುತ್ತ ಕೂತಿದ್ದಳು. ಪಕ್ಕದಲ್ಲಿ ಮಾವಿನ ಸೊಪ್ಪಿನ ಕಟ್ಟು ಬಿದ್ದಿತ್ತು.

"ಏನತ್ತೆ, ಹಬ್ಬ ಯಾವುದು?"

"ಏಣಿ ತಗಬಾ, ತೋರ್ಣ ಕಟ್ಟು" ಎಂದಳು ತಲೆ ಎತ್ತದೆ. "ಬರೋರು ಯಾವ ಕಡೆಯಿಂದ ಬತ್ತಾರೋ ಆ ಕಡೇದು ಮುಂಬಾಗ್ಲು ಕಣ್ಲಾ. ಈ ಆಪೀಸ್ಗೆ ಎರಡೂ ಮುಂಬಾಗ್ಲೇಯ. ಹಿಂಬಾಗ್ಲು ಅನ್ನೋದೇ ಇಲ್ಲ."

ನಾನು ಏಣಿ ತಂದೆ. ಅವಳ ಮುಂದೆ ಇನ್ನೇನು ಮಾತಾಡುವುದು. ಅಂದು ಸಂಜೆ ಅವಳು ಎರಡೂ ಕಡೆ ದೀಪ ಇಟ್ಟಳು, ಎಲ್ಲ ಬಾಗಿಲೂ ತೆರೆದಿದ್ದವು. ದಾಸಯ್ಯ ಕೂಡ ನಿಶ್ಚಿಂತೆಯಿಂದ ಮಲಗಿದನಂತೆ, ರಾತ್ರಿ ಕಂಬಳಿ ಬೇಕಾಯಿತು ಎಂದು ಬೆಳಗ್ಗೆ ನಮ್ಮ ಮೇಲೆಯೇ ದೂರು.

ಗೋಡೆಯ ಹಳೆಯ ಕಾವು ಇಳಿಯಲು ಒಂದು ವಾರ ಹಿಡಿಯಿತು. ಬಸವ ಜಯಂತಿ ಕಳೆದ ಮೇಲೆ ಯಜಮಾನರು ಡೈರೆಕ್ಟರುಗಳನ್ನು ಕರೆದುಕೊಂಡು ಬಂದರು. ಹೊರಗೆ ಬಿಸಿಲು ಕಣ್ಣು ಬಿಡಲು ಬಿಡುತ್ತಿರಲಿಲ್ಲ. ಒಳಗೆ ಕಾಲಿಟ್ಟು ನಾಲ್ಕು ಹೆಜ್ಜೆ ನಡೆದ ಯಜಮಾನರು ನಿಂತು, "ಏಸಿ ಯಾವಾಗ ಹಾಕಿಸಿದಿರಮ್ಮ?" ಎಂದು ಪವಿತ್ರಾ ಮೇಡಂ ಮೇಲೆ ರೇಗಿದರು. ಹಾಕಿಸಿಲ್ಲ ಎಂದರೆ ನಂಬಲಿಲ್ಲ. ಗೋಡೆ ಗೋಡೆ ಹುಡುಕಿದರು, ಕೊನೆಗೆ ಗೋಡೆಗೇ ಕೆನ್ನೆ ಇಟ್ಟು ನೋಡಿದರು. ಬಂದವರು ಮಧ್ಯಾಹ್ನ ಹೊರಡಬೇಕಾದವರು ಸಂಜೆಯವರೆಗೆ ಕೂತರು, ನಮ್ಮ ಕ್ಯಾಂಟೀನಿನ ಮುದ್ದೆ ಉಪ್ಪೆಸರು ಉಂಡರು. ಆಫೀಸು ಇಲ್ಲೇ ಉಳಿಯುತ್ತದೆ ಎಂದು ಪವಿತ್ರಾ ಮೇಡಂ ಹೇಳಿದಾಗ ನಮ್ಮ ಹೆಂಗಸರು ಒಬ್ಬರನ್ನೊಬ್ಬರು ತಬ್ಬಿಕೊಂಡು ಅತ್ತರು. ನಾನು ಅಳಲಿಲ್ಲ, ಮೋಟರು ನೋಡಲು ಹೋದೆ.

ಆ ಸಂತೋಷದ ಸುದ್ದಿ ತಿಳಿದಾಗ ಬೀರಮ್ಮ ಮಾತ್ರ ಅಲ್ಲಿರಲಿಲ್ಲ. ಯಾಕೋ ಏನೋ ಹೊತ್ತಿಗೆ ಮುಂಚೆಯೇ ಮನೆಗೆ ಹೋಗಿದ್ದಳು. ದೀಪ ಹಚ್ಚುವ ಕೆಲಸವನ್ನು ಅಂದು ದಾಸಯ್ಯನಿಗೆ ಒಪ್ಪಿಸಿದ್ದಳಂತೆ, ಇದೂ ಹೊಸ ಸಂಗತಿಯೇ. ಹೇಳಿ ಬರೋಣ ಎಂದು ನಾನು ಊರಿಗೆ ಹೋದವನು ಗಾಡಿ ನಿಲ್ಲಿಸಿ ಸಂದಿಯಲ್ಲಿ ನುಗ್ಗಿದೆ. ಮಬ್ಬು ಕವಿಯುತ್ತಿತ್ತು. ಸೌದೆ ಒಟ್ಟಿಲು ಅಲ್ಲಿರಲಿಲ್ಲ, ಯಾರೋ ಆಚೆಗೆ ಸಾಗಿಸಿ ದಾರಿ ಬಿಡಿಸಿದ್ದರು. ನೆಲ ಸಾರಿಸಿತ್ತು. ಒಗೆಯುವ ಕಲ್ಲಿನ ಮೇಲೆ ಕರಿಯಯ್ಯ ಇರಲಿಲ್ಲ.

ಹಳೆಯ ಅಭ್ಯಾಸ, ಬಾಯಿಗೆ ಬಂದೇಬಿಟ್ಟಿತು. "ಹಿಂದ್ಲಿಂದ ಬಂದೆ ಕಣತ್ತೇ" ಎಂದು ಕೂಗಿದೆ.

ಬಾಗಿಲು ಹಾರುಹೊಡೆದಿತ್ತು. ಹೊಸಿಲ ಎರಡೂ ಪಕ್ಕದಲ್ಲಿ ದೀಪ, ನಡುವೆ ರಂಗೋಲಿ. ಕರಿಯಯ್ಯ ಹೊಸಿಲೊಳಗೆ ಗೋಡೆಗೆ ಒರಗಿ ಕಾಲು ಚಾಚಿ ಕೂತಿದ್ದ. ದೀಪದ ಹೊತ್ತಿನಲ್ಲಿ ಅವನನ್ನು ಮನೆಯೊಳಗೆ ನೋಡಿದ್ದು ನಾನು ಅಂದೇ ಮೊದಲು. ಬೀರಮ್ಮ ಸೊಂಟಕ್ಕೆ ಕೈಯಿಟ್ಟು ಬಾಗಿಲಲ್ಲಿ ಬಂದು ನಿಂತಳು.

"ಹಿಂದ್ಲಿಂದ ಯಾಕ್ಲಾ? ಮುಂದ್ಲಿಂದ್ಲೇ ಬಂದಿದ್ದೀಯ. ಒಳಿಕ್ ಬಾ."